ಸದ್ದು ಮೇಲೆ, ದೋಷ ಕೆಳಗೆ: ಹಳೆಯ ಗಾಳಿಯಂತ್ರ ರಿಪೇರಿಗೆ ಎಲ್ಲಿಂದ ಕೈ ಹಾಕಬೇಕು

ನಮ್ಮ ಸೋದರಮಾವನ ಹೊಲ ಗದಗ ಜಿಲ್ಲೆಯ ಡಂಬಳದ ಹತ್ತಿರ. ಬಾವಿಯ ಮೇಲೆ ಅವರಪ್ಪ ಹಾಕಿಸಿದ ಗಾಳಿಯಂತ್ರ ಇನ್ನೂ ನಿಂತಿದೆ. ಹದಿನೆಂಟು ತಗಡಿನ ರೆಕ್ಕೆ, ಎಂಟು ಅಡಿ ಅಗಲದ ಚಕ್ರ, ಹಿಂದೆ ಬಾಲ, ನಾಲ್ಕು ಕಾಲಿನ ಕಬ್ಬಿಣದ ಟವರ್. ಅಲ್ಲಿ ನಿಂತರೆ ದೂರದ ಕಪ್ಪತಗುಡ್ಡದ ಕಡೆ ಮೂರು ರೆಕ್ಕೆಯ ದೊಡ್ಡ ಯಂತ್ರಗಳು ಕಾಣುತ್ತವೆ. ಅದನ್ನು ನೋಡಿ ಬಂದವರು ಇದನ್ನೂ ನೋಡಿ "ಇದು ಎಷ್ಟು ಕರೆಂಟ್ ಕೊಡ್ತೈತ್ರಿ?" ಅಂತ ಕೇಳುತ್ತಾರೆ. ಇದು ಕರೆಂಟ್ ಕೊಡುವುದಿಲ್ಲ. ಚಕ್ರ ತಿರುಗುತ್ತದೆ, ಗೇರುಗಳು ಆ ಸುತ್ತಾಟವನ್ನು ಮೇಲೆ-ಕೆಳಗಿನ ಓಡಾಟ ಮಾಡುತ್ತವೆ, ಒಂದು ಉದ್ದನೆಯ ರಾಡು ಬಾವಿಯೊಳಗಿನ ಪಂಪನ್ನು ಎಳೆಯುತ್ತದೆ. ಅಷ್ಟೇ ಅದರ ಕೆಲಸ.

ಹೋದ ವರ್ಷ ಹೋಳಿ ಹುಣ್ಣಿಮೆ ಆದ ಮೇಲೆ ಮಾವ ಫೋನ್ ಮಾಡಿದರು. "ತಮ್ಮಾ, ಚಕ್ರ ತಿರಗತೈತಿ, ನೀರು ಮೊದಲಿನಂಗ ಬರವಲ್ದು. ಮ್ಯಾಲೆ ಟಕ್ ಟಕ್ ಅಂತೈತಿ. ಗೇರಿನ ಹಲ್ಲು ಹೋಗ್ಯಾವ ಅನಸ್ತೈತಿ." ನಾನು ಹುಬ್ಬಳ್ಳಿಯಲ್ಲಿ ಲೇಥ್ ಇಟ್ಟುಕೊಂಡವನು. ಗೇರು ಅಂದ ಕೂಡಲೇ ನನಗೂ ಹಾಗೇ ಅನಿಸಿತು. ಲೇಥಿನವನಿಗೆ ಎಲ್ಲ ರೋಗವೂ ಲೇಥಿನದ್ದೇ ಅಲ್ವಾ?

ಭಾರ ಎತ್ತಿಳಿಸುವ ಸರಪಳಿ ರಾಟೆ, ಅಂದರೆ ಚೈನ್ ಬ್ಲಾಕ್ ಕಟ್ಟಿ, ಐದು ಜನ ಸೇರಿ, ಮೂರು ದಿನ ಕಷ್ಟಪಟ್ಟು ನಲವತ್ತು ಅಡಿ ಎತ್ತರದಿಂದ ಗೇರ್ ಬಾಕ್ಸ್ ಇಳಿಸಿದೆವು. ಬಿಚ್ಚಿ ನೋಡಿದರೆ ಹಲ್ಲುಗಳು ವಯಸ್ಸಿಗೆ ತಕ್ಕಷ್ಟು ಸವೆದಿದ್ದವು, ಹೋಗಿರಲಿಲ್ಲ. ತೊಳೆದು, ಎಣ್ಣೆ ಬದಲಿಸಿ ಮತ್ತೆ ಏರಿಸಿದೆವು. ಸಂಜೆ ಗಾಳಿ ಬಂತು. ಚಕ್ರ ತಿರುಗಿತು. ಟಕ್. ಮಾವ ಏನೂ ಅನ್ನಲಿಲ್ಲ, ಚಹಾ ತರಲು ಹೇಳಿದರು. ಕೊನೆಗೆ ದೋಷ ಸಿಕ್ಕಿದ್ದು ನಿಂತಲ್ಲೇ ಕೈಗೆ ಎಟುಕುವ ಜಾಗದಲ್ಲಿ, ಬಾವಿ ಕಟ್ಟೆಯ ಮೇಲೆ. ಎರಡು ಬೋಲ್ಟಿನ ಕೆಲಸ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಿಮ್ಮ ಹೊಲದಲ್ಲೋ ಅಜ್ಜನ ಮನೆಯಲ್ಲೋ ಇಂಥ ಯಂತ್ರ ಇದ್ದರೆ, ಪಾನಾ ಹಿಡಿದು ಮೇಲೆ ಹತ್ತುವ ಮುಂಚೆ ಕೆಳಗಿನದ್ದೆಲ್ಲ ನೋಡಿ ಮುಗಿಸಿ.

ಮೊದಲು ಸದ್ದು ಎಣಿಸಿ

ಈ ಯಂತ್ರದಲ್ಲಿ ಚಕ್ರ ಮೂರು ಸುತ್ತು ಮತ್ತು ಸ್ವಲ್ಪ ಜಾಸ್ತಿ ತಿರುಗಿದರೆ ರಾಡು ಒಂದು ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಅದೇ ಒಂದು ಸ್ಟ್ರೋಕ್. ಒಳಗೆ ಪಿನಿಯನ್ ಅನ್ನುವ ಚಿಕ್ಕ ಗೇರು ದೊಡ್ಡ ಗೇರನ್ನು ತಿರುಗಿಸುತ್ತದೆ, ಅದರಿಂದ ಈ ಲೆಕ್ಕ. ಹಾಗಾಗಿ ಸದ್ದು ಎಷ್ಟು ಸುತ್ತಿಗೊಮ್ಮೆ ಬರುತ್ತದೆ ಅಂತ ಎಣಿಸಿದರೆ ಅರ್ಧ ಯಂತ್ರವನ್ನು ಅನುಮಾನದ ಪಟ್ಟಿಯಿಂದ ತೆಗೆದುಹಾಕಬಹುದು.

ಮಾವನ ಮಗಳ ಕೆಂಪು ರಿಬ್ಬನ್ ಒಂದನ್ನು ಒಂದೇ ರೆಕ್ಕೆಯ ತುದಿಗೆ ಕಟ್ಟಿದೆ. ಇದು ಚಕ್ರಕ್ಕೆ ಬ್ರೇಕ್ ಹಾಕಿ, ಹಗ್ಗದಿಂದ ಟವರಿಗೆ ಬಿಗಿದ ಮೇಲೆ ಮಾಡುವ ಕೆಲಸ. ಆಮೇಲೆ ಕೆಳಗೆ ಬಂದು, ಹಗುರ ಗಾಳಿಗೆ ಚಕ್ರ ಬಿಟ್ಟು ಕೂತೆವು. ರಿಬ್ಬನ್ ಕೆಳಗೆ ಬಂದಾಗಲೆಲ್ಲ ಮಾವನ ಮಗಳು ಎಣಿಸಿದಳು. ಒಂದು, ಎರಡು, ಮೂರು, ಟಕ್. ಒಂದು, ಎರಡು, ಮೂರು, ಟಕ್. ಪ್ರತಿ ಸುತ್ತಿಗೆ ಅಲ್ಲ, ಪ್ರತಿ ಸ್ಟ್ರೋಕಿಗೆ.

ಪ್ರತಿ ಸುತ್ತಿಗೂ ಸದ್ದು ಬಂದರೆ ಚಕ್ರ, ಅದರ ಶಾಫ್ಟು, ಶಾಫ್ಟು ಕೂತು ತಿರುಗುವ ಬುಶ್, ಪಿನಿಯನ್, ಸಡಿಲಾದ ರೆಕ್ಕೆ ಇವುಗಳನ್ನು ನೋಡಬೇಕು. ಸ್ಟ್ರೋಕಿಗೊಮ್ಮೆ ಬಂದರೆ ದೊಡ್ಡ ಗೇರು, ಅದರಿಂದ ಹೊರಟ ಕನೆಕ್ಟಿಂಗ್ ರಾಡು, ಕೆಳಗಿನ ಉದ್ದ ರಾಡು, ಪಂಪು. ಗಾಳಿಯ ದಿಕ್ಕು ಬದಲಾದಾಗ ಮಾತ್ರ ಕಿರ್ ಅಂದರೆ ಇವ್ಯಾವುವೂ ಅಲ್ಲ, ಟವರಿನ ತುದಿಯಲ್ಲಿ ಯಂತ್ರದ ತಲೆ ಗಾಳಿಯ ಕಡೆ ತಿರುಗುವ ಜಾಗಕ್ಕೆ ಗ್ರೀಸ್ ಇಲ್ಲ. ನಾನು ಈ ಎಣಿಕೆ ಮೊದಲೇ ಮಾಡಿದ್ದರೆ ಚೈನ್ ಬ್ಲಾಕ್ ಹುಬ್ಬಳ್ಳಿಯಿಂದ ಹೊರಡುತ್ತಲೇ ಇರಲಿಲ್ಲ.

ಸ್ಟ್ರೋಕಿನಲ್ಲೂ ಸದ್ದು ಯಾವಾಗ ಅನ್ನುವುದು ಮುಖ್ಯ. ನಮ್ಮದರಲ್ಲಿ ರಾಡು ಕೆಳಗಿಳಿದು, ಮೇಲೇಳಲು ಶುರು ಮಾಡುವ ಹೊತ್ತಿಗೆ ಬರುತ್ತಿತ್ತು. ಅಂದರೆ ಎಲ್ಲೋ ಸಡಿಲು ಇದೆ, ಭಾರ ಬೀಳುವಾಗ ಆ ಸಡಿಲು ತುಂಬಿಕೊಳ್ಳುತ್ತಿದೆ.

ಗಾಳಿ ಪೂರ್ತಿ ನಿಂತ ಮೇಲೆ ಮಾವ ಚಕ್ರದ ಅಂಚಿಗೆ ಕಟ್ಟಿದ ಹಗ್ಗ ಎಳೆದು ನಿಧಾನವಾಗಿ ತಿರುಗಿಸಿದರು. ಕಟ್ಟೆಯ ಹತ್ತಿರ ಕಟ್ಟಿಗೆಯ ರಾಡು ಮುಗಿದು ಕಬ್ಬಿಣದ ರಾಡು ಶುರುವಾಗುವ ಜೋಡಣೆ ಇದೆ. ಅದರ ಮೇಲೊಂದು ಅಂಗೈ, ಕೆಳಗೊಂದು ಅಂಗೈ ಇಟ್ಟೆ. ಮೇಲಿನ ಕೈ ಏಳತೊಡಗಿತು, ಕೆಳಗಿನದು ಹಾಗೇ ಇತ್ತು. ಬೆರಳಿನ ದಪ್ಪದಷ್ಟು ಎದ್ದ ಮೇಲೆ ಟಕ್ ಅಂತ ಕೆಳಗಿನ ಕೈಗೆ ಪೆಟ್ಟು ಬಿದ್ದು ಎರಡೂ ಸೇರಿ ಎದ್ದವು. ಬೋಲ್ಟ್ ಬಿಚ್ಚಿದರೆ ಕಟ್ಟಿಗೆಯಲ್ಲಿನ ದುಂಡು ತೂತು ಹುಣಸೆ ಬೀಜದ ಹಾಗೆ ಉದ್ದವಾಗಿತ್ತು, ಬೋಲ್ಟಿನ ಮೈ ನಡುವೆ ತಿಂದುಹೋಗಿತ್ತು. ಆ ಪೆಟ್ಟು ರಾಡಿನ ಗುಂಟ ಮೇಲೆ ಹೋಗಿ ಗೇರ್ ಬಾಕ್ಸಿನ ತಗಡಿನ ಮುಚ್ಚಳಕ್ಕೆ ತಾಗುತ್ತಿತ್ತು. ಮುಚ್ಚಳ ಹಲಗೆ ವಾದ್ಯದ ಹಾಗೆ ಸದ್ದು ಮಾಡುತ್ತಿತ್ತು. ಕೆಳಗೆ ನಿಂತವರಿಗೆ ಮೇಲೇ ಕೇಳಬೇಕಲ್ಲ!

ತೂತು ಸವೆದ ಕಡೆ ಸುಮ್ನೆ ದಪ್ಪ ಬೋಲ್ಟ್ ಹಾಕಬೇಡಿ. ಕಟ್ಟಿಗೆ ಮತ್ತೆ ತಿನ್ನುತ್ತದೆ. ಎರಡೂ ಮಗ್ಗುಲಿಗೆ ಕಬ್ಬಿಣದ ಪಟ್ಟಿ ಕೊಟ್ಟು, ಹೊಸ ಜಾಗದಲ್ಲಿ ತೂತು ಕೊರೆದು, ಲಾಕ್ ನಟ್ ಬಿಗಿಯಿರಿ.

ಕೊಡ ಇಟ್ಟು ಅಳೆಯಿರಿ

ಸದ್ದು ನಿಂತಿತು. ನೀರು ಮಾತ್ರ ಅಷ್ಟಕ್ಕಷ್ಟೇ. ಒಂದು ದೋಷ ಸಿಕ್ಕಿತು ಅಂತ ಹುಡುಕುವುದನ್ನು ನಿಲ್ಲಿಸಬಾರದು. ಹಳೆ ಯಂತ್ರದಲ್ಲಿ ರೋಗಗಳು ಜೋಡಿಯಾಗೇ ಇರುತ್ತವೆ.

ಪಂಪಿನ ಸಿಲಿಂಡರಿನ ಒಳ ಅಳತೆ ಎರಡೂವರೆ ಇಂಚು, ಅಂದರೆ 63.5 ಮಿಲಿಮೀಟರ್. ಸ್ಟ್ರೋಕ್ 20 ಸೆಂಟಿಮೀಟರ್. ಲೆಕ್ಕ ಹಾಕಿದರೆ ಒಂದು ಸ್ಟ್ರೋಕಿಗೆ ಸುಮಾರು 630 ಮಿಲಿಲೀಟರ್, ಮೂವತ್ತು ಸ್ಟ್ರೋಕಿಗೆ 19 ಲೀಟರ್ ಬರಬೇಕು. ನಾವು ಹಿಡಿದಾಗ ಮೂವತ್ತು ಸ್ಟ್ರೋಕಿಗೆ ಬಂದದ್ದು 11 ಲೀಟರ್. ಉಳಿದ ಎಂಟು ಲೀಟರ್ ಪಂಪಿನೊಳಗೇ ಕೆಳಗೆ ಜಾರಿ ಹೋಗುತ್ತಿದೆ. ಗಾಳಿ ಕಡಿಮೆ, ಚಕ್ರ ನಿಧಾನ ಅನ್ನುವ ನೆಪ ಇಲ್ಲಿ ನಡೆಯುವುದಿಲ್ಲ, ಯಾಕಂದರೆ ನಾವು ಎಣಿಸಿದ್ದು ನಿಮಿಷವನ್ನಲ್ಲ, ಸ್ಟ್ರೋಕನ್ನು.

ಈಗ ಎಲ್ಲಿ ಜಾರುತ್ತದೆ? ಯಂತ್ರವನ್ನು ರಾತ್ರಿ ನಿಲ್ಲಿಸಿ, ಬೆಳಗ್ಗೆ ಬಿಡಿ. ಮೊದಲ ಒಂದೆರಡು ಸ್ಟ್ರೋಕಿಗೇ ನೀರು ಬಂದರೆ ನೀರು ವಾಪಸ್ ಇಳಿಯದಂತೆ ತಡೆಯುವ ತಳದ ಫುಟ್ ವಾಲ್ವ್ ನೀರನ್ನು ಹಿಡಿದಿದೆ, ರಾಡಿನ ತುದಿಯಲ್ಲಿ ನೀರನ್ನು ಮೇಲೆತ್ತುವ ಚರ್ಮದ ವಾಷರ್ ಸವೆದಿದೆ ಅಂತ ಅನುಮಾನಿಸಿ. ಐವತ್ತು ಸ್ಟ್ರೋಕ್ ಆದರೂ ನೀರು ಬಾರದೆ ಆಮೇಲೆ ಬಂದರೆ ಪೈಪು ರಾತ್ರಿಯೆಲ್ಲ ಖಾಲಿಯಾಗಿದೆ. ಫುಟ್ ವಾಲ್ವಿನಲ್ಲಿ ಕಸ ಕೂತಿರುತ್ತದೆ, ಇಲ್ಲವೇ ಅದರ ಕೂರುವ ಜಾಗ ಸವೆದಿರುತ್ತದೆ. ಬಾವಿಗೆ ಬಗ್ಗಿ ಕಿವಿಗೊಡಿ. ಯಂತ್ರ ನಿಂತ ಮೇಲೂ ಸರ್ ಅಂತ ನೀರು ಸುರಿಯುವ ಸದ್ದು ಬಂದರೆ ಪೈಪೇ ತೂತು. ನಮ್ಮ ಕಡೆ ಸವಳು ನೀರಿನ ಬಾವಿಗಳಲ್ಲಿ ಕಬ್ಬಿಣದ ಪೈಪು ಚೂಡಿಯ (ಪೈಪು ಜೋಡಿಸುವ ತ್ರೆಡ್) ಹತ್ತಿರ ಬೇಗ ತಿಂದುಹೋಗುತ್ತದೆ.

ಚಕ್ರ ಇದ್ದಕ್ಕಿದ್ದ ಹಾಗೆ ಹಗುರಾಗಿ, ಜೋರಾಗಿ ತಿರುಗಿ, ಒಂದು ಹನಿಯೂ ಬಾರದಿದ್ದರೆ ಹೆಚ್ಚು ಯೋಚನೆ ಬೇಡ. ರಾಡು ಎಲ್ಲೋ ಕಳಚಿದೆ. ಕೂಡಲೇ ಬ್ರೇಕ್ ಹಾಕಿ. ಭಾರವಿಲ್ಲದ ಚಕ್ರ ತನ್ನನ್ನು ತಾನೇ ಹಾಳು ಮಾಡಿಕೊಳ್ಳುತ್ತದೆ.

ನಮ್ಮದರಲ್ಲಿ ಬೆಳಗ್ಗೆ ಎರಡನೇ ಸ್ಟ್ರೋಕಿಗೇ ನೀರು ಬಂತು. ಹಾಗಾದರೆ ವಾಷರ್. ಮೇಲೆತ್ತಿ ನೋಡಿದರೆ ಬಟ್ಟಲಿನ ಹಾಗೆ ಇರಬೇಕಾದ ಚರ್ಮದ ಅಂಚು ಹರಿದು ಹಪ್ಪಳದಂತಾಗಿತ್ತು. ಇಲ್ಲೊಂದು ಉಪಯೋಗದ ಮಾತು: ಹಳ್ಳಿಗಳಲ್ಲಿರುವ ಇಂಡಿಯಾ ಮಾರ್ಕ್ 2 ಕೈಪಂಪಿನ ಸಿಲಿಂಡರಿನ ಒಳ ಅಳತೆಯೂ 63.5 ಮಿಲಿಮೀಟರೇ. ನಿಮ್ಮ ಸಿಲಿಂಡರ್ ಎರಡೂವರೆ ಇಂಚಿನದಾದರೆ ಕೈಪಂಪಿನ ಬಿಡಿಭಾಗ ಮಾರುವ ಅಂಗಡಿಯಲ್ಲೇ ವಾಷರ್ ಸಿಗಬಹುದು. ಕೂರಿಸಿ ನೋಡಿ ತನ್ನಿ. ಚರ್ಮದ್ದಾದರೆ ಒಂದು ರಾತ್ರಿ ಎಣ್ಣೆಯಲ್ಲಿ ನೆನೆಸಿ, ಒಣಗಿದ್ದನ್ನು ಹಾಗೇ ಹಾಕಬೇಡಿ. ಹಾಕುವ ಮುಂಚೆ ಹಿತ್ತಾಳೆಯ ಸಿಲಿಂಡರಿನೊಳಗೆ ಬೆರಳು ಆಡಿಸಿ. ಉದ್ದಕ್ಕೆ ಗೀರು ತಾಗಿದರೆ ಹೊಸ ವಾಷರ್ ಕೂಡ ಎರಡು ತಿಂಗಳು ಬಾಳುವುದಿಲ್ಲ.

ಬಾವಿಯ ನೀರು ಇಳಿದಿದ್ದರೆ ಇನ್ನೊಂದು ಪ್ರಶ್ನೆ ಇದೆ. ಸಿಲಿಂಡರ್ ನೀರಿನೊಳಗೆ ಮುಳುಗಿದೆಯೋ, ನೀರಿನ ಮೇಲೆ ನೇತಾಡುತ್ತಿದೆಯೋ? ಅಜ್ಜನ ಕಾಲದಲ್ಲಿ ಮುಳುಗಿದ್ದು ಈಗ ಮೇಲಿರಬಹುದು. ಪಂಪು ಕೆಳಗಿನ ನೀರನ್ನು ಹೀರಿಕೊಳ್ಳುವುದು ಆರೇಳು ಮೀಟರ್ ತನಕ ಮಾತ್ರ. ಅದಕ್ಕಿಂತ ಆಳಕ್ಕೆ ಹೋದರೆ ಯಾವ ರಿಪೇರಿಯೂ ಕೆಲಸಕ್ಕೆ ಬರುವುದಿಲ್ಲ, ಪೈಪು ಸೇರಿಸಿ ಸಿಲಿಂಡರ್ ಇಳಿಸಲೇಬೇಕು. ಇಳಿಸಿದಷ್ಟೂ ಚಕ್ರಕ್ಕೆ ಭಾರ. ಎರಡೂವರೆ ಇಂಚಿನ ಸಿಲಿಂಡರಿಗೆ 20 ಮೀಟರ್ ಎತ್ತರದ ನೀರು ಅಂದರೆ 63 ಕಿಲೋ, ರಾಡಿನ ತೂಕ ಬೇರೆ.

ಪೈಪಿನ ಬಾಯಲ್ಲಿ ರಾಡಿನ ಸುತ್ತ ನೀರು ಸೋರದಂತೆ ಹಿಡಿಯುವ ಗ್ಲ್ಯಾಂಡ್ ಬಗ್ಗೆ ಒಂದೇ ಮಾತು. ನೀರು ಸೋರುತ್ತದೆ ಅಂತ ಅದನ್ನು ಬಿಗಿದು ಬಿಗಿದು ಚಕ್ರವನ್ನೇ ನಿಲ್ಲಿಸಿದವರಿದ್ದಾರೆ. ಆಗಾಗ ಒಂದು ಹನಿ ಬೀಳಲಿ, ಬಿಡಿ.

ಯಂತ್ರವನ್ನು ಎರಡು ಭಾಗ ಮಾಡಿ

ಇಷ್ಟಾದರೂ ಚಕ್ರ ತಿರುಗಲು ಒದ್ದಾಡಿದರೆ, ಬಿಗಿ ಮೇಲಿದೆಯೋ ಕೆಳಗಿದೆಯೋ ಅಂತ ತಿಳಿಯಲು ರಾಡನ್ನು ಕಟ್ಟೆಯ ಹತ್ತಿರ ಬಿಚ್ಚಿ. ಪೂರ್ತಿ ಗಾಳಿ ಇಲ್ಲದ ಹೊತ್ತು, ಬ್ರೇಕ್ ಹಾಕಿಯೇ ಬಿಚ್ಚಬೇಕು. ಬಿಚ್ಚಿದ ಮೇಲೆ ಚಕ್ರವನ್ನು ಗಾಳಿಗೆ ಬಿಡಬಾರದು, ಹಗ್ಗದಲ್ಲಿ ಕೈಯಿಂದಲೇ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ತಪ್ಪು ಪಂಪಿನದು. ಆಗಲೂ ಬಿಗಿ ಇದ್ದರೆ ಮೇಲೆ ಹತ್ತಲು ಈಗ ಕಾರಣ ಸಿಕ್ಕಿತು.

ಹತ್ತುವ ಮುಂಚೆ ಕೆಳಗಿಂದಲೇ ನೋಡುವುದು ಇನ್ನೂ ಒಂದಿದೆ. ಟವರ್ ನೆಟ್ಟಗಿದೆಯಾ? ನಮ್ಮದು ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ವರ್ಷಾನುಗಟ್ಟಲೆ ಹೀಗೆ ಆದರೆ ನಾಲ್ಕರಲ್ಲಿ ಒಂದು ಕಾಲು ಏಳುತ್ತದೆ, ಇನ್ನೊಂದು ಕೂರುತ್ತದೆ. ಇದರ ಲಕ್ಷಣ ವಿಚಿತ್ರ. ಗಾಳಿ ಇಲ್ಲದಾಗ ಬಾಲ ದಿನಾಲೂ ಒಂದೇ ದಿಕ್ಕಿಗೆ ಬಂದು ನಿಲ್ಲುತ್ತದೆ, ಹಗುರ ಗಾಳಿಗೆ ಚಕ್ರ ಮುಖ ತಿರುಗಿಸುವುದಿಲ್ಲ. ಜನ ತಲೆಯ ಬೇರಿಂಗ್ ಬಿಚ್ಚುತ್ತಾರೆ. ಟವರಿನ ನಡುವಿನಿಂದ ದಾರಕ್ಕೆ ತೂಕಗುಂಡು ಕಟ್ಟಿ ಬಿಟ್ಟು ನೋಡಿ. ನಮ್ಮದು ಒಂದೂವರೆ ಇಂಚು ವಾಲಿತ್ತು. ಕೂತ ಕಾಲಿನ ಕೆಳಗೆ ಪ್ಲೇಟ್ ಕೊಟ್ಟೆವು, ಆ ಕಡೆ ಹರಿಯುತ್ತಿದ್ದ ತೊಟ್ಟಿಯ ನೀರನ್ನು ಬೇರೆ ಕಡೆ ತಿರುಗಿಸಿದೆವು.

ಮೇಲೆ

ಹತ್ತುವವರಿಗೆ: ಚಕ್ರವನ್ನು ಹಗ್ಗದಿಂದ ಟವರಿಗೆ ಕಟ್ಟಿ, ಬರೀ ಬ್ರೇಕ್ ನಂಬಬೇಡಿ. ಸೊಂಟಕ್ಕೆ ಬೆಲ್ಟ್ ಇರಲಿ. ಹತ್ತಿರದಲ್ಲಿ ಕರೆಂಟ್ ತಂತಿ ಎಷ್ಟು ದೂರ ಅಂತ ನೋಡಿ. ಆಷಾಢದ ಗಾಳಿಯಲ್ಲಿ ಹತ್ತಲೇಬೇಡಿ. ಮತ್ತೆ ಹೆಜ್ಜೇನು. ಬಳಸದೆ ಬಿಟ್ಟ ಟವರ್ ಅಂದರೆ ಅದಕ್ಕೆ ಇಷ್ಟದ ಜಾಗ.

ಗೇರ್ ಬಾಕ್ಸಿನ ಎಣ್ಣೆಯೇ ಅರ್ಧ ಕಥೆ ಹೇಳುತ್ತದೆ. ಅಮೆರಿಕದ ಏರ್‌ಮೋಟರ್ ಕಂಪನಿ 1915ರಲ್ಲಿ ಗೇರುಗಳನ್ನು ಎಣ್ಣೆ ತುಂಬಿದ ಪೆಟ್ಟಿಗೆಯೊಳಗೆ ಇಟ್ಟ ಯಂತ್ರವನ್ನು ತಂದಿತು. ಅದಕ್ಕೂ ಮುಂಚೆ ವಾರ ವಾರ ಹತ್ತಿ ಎಣ್ಣೆ ಬಿಡಬೇಕಿತ್ತು, ಆಮೇಲೆ ವರ್ಷಕ್ಕೊಮ್ಮೆ ಸಾಕಾಯಿತು. ತೊಂದರೆ ಏನೆಂದರೆ, ವರ್ಷಕ್ಕೊಮ್ಮೆ ಅನ್ನುವ ಕೆಲಸ ಹತ್ತು ವರ್ಷಕ್ಕೊಮ್ಮೆ ಆಗುತ್ತದೆ.

ಎಣ್ಣೆಯನ್ನು ಬಿಳಿ ತಟ್ಟೆಗೆ ಇಳಿಸಿ. ಹಾಲು ಬೆರೆಸಿದ ಹಾಗಿದ್ದರೆ ಮುಚ್ಚಳದಿಂದ ಮಳೆ ನೀರು ಇಳಿಯುತ್ತಿದೆ. ನಮ್ಮದು ಹಾಗೇ ಇತ್ತು, ಮುಚ್ಚಳದಲ್ಲಿ ಮೊಳೆ ಹೋಗುವಷ್ಟು ತೂತು. ತಳದಲ್ಲಿ ಹೊಳೆಯುವ ಪುಡಿ ಇದ್ದರೆ ಅಯಸ್ಕಾಂತ ಆಡಿಸಿ. ಅಂಟಿಕೊಂಡರೆ ಹಲ್ಲು ಸವೆಯುತ್ತಿದೆ. ಅಂಟದೆ ಹಳದಿಯಾಗಿ ಉಳಿದರೆ ಸವೆಯುತ್ತಿರುವುದು ಗನ್ ಮೆಟಲ್ (ಕಂಚಿನ ಜಾತಿಯ ಲೋಹ) ಬುಶ್, ಬೆಳ್ಳಗೆ ಉಳಿದರೆ ವೈಟ್ ಮೆಟಲ್ (ಬೇಗ ಕರಗುವ ಮೆತ್ತನೆಯ ಲೋಹ) ಬುಶ್. ಡೀಸೆಲ್‌ನಲ್ಲಿ ತೊಳೆದು, ಒರೆಸಿ, ತೆಳು ಎಣ್ಣೆ ಹಾಕಿ. ಟ್ರ್ಯಾಕ್ಟರಿಗೆ ಹಾಕುವ 90 ನಂಬರ್ ಗೇರ್ ಎಣ್ಣೆ ಬೇಡವೇ ಬೇಡ. "ದಪ್ಪ ಇದ್ದಷ್ಟು ಚಲೋ" ಅಂತ ಎಲ್ಲರೂ ಹೇಳುತ್ತಾರೆ. ಇಲ್ಲಿ ಪಂಪಿಲ್ಲ, ನಿಧಾನಕ್ಕೆ ತಿರುಗುವ ದೊಡ್ಡ ಗೇರೇ ಎಣ್ಣೆಯನ್ನು ಎತ್ತಿ ಮೇಲಿನ ಬುಶ್‌ಗಳಿಗೆ ಕೊಡಬೇಕು. ದಪ್ಪ ಎಣ್ಣೆ ಚಳಿಯ ಬೆಳಗ್ಗೆ ಏಳುವುದೇ ಇಲ್ಲ, ಕೆಳಗೆ ಗೇರು ಮುಳುಗಿ ಕೂತಿದ್ದರೂ ಮೇಲೆ ಬುಶ್ ಒಣಗಿ ಸವೆಯುತ್ತದೆ.

ಬುಶ್ ಸವೆದಿದೆಯಾ ಅಂತ ನೋಡಲು ಟವರಿಗೆ ಒಂದು ಬಿದಿರು ಕಡ್ಡಿ ಕಟ್ಟಿ, ಅದರ ತುದಿ ಚಕ್ರದ ಅಂಚಿಗೆ ತಾಗುವ ಹಾಗೆ ಇಡಿ. ಅಂಚನ್ನು ಹಿಂದೆ ಮುಂದೆ ಅಲುಗಾಡಿಸಿ. ಎರಡು ಬುಶ್ ನಡುವೆ ಒಂದು ಅಡಿ, ಚಕ್ರದ ನಡುವಿನಿಂದ ಅಂಚಿಗೆ ನಾಲ್ಕು ಅಡಿ. ಹಾಗಾಗಿ ಬುಶ್‌ನಲ್ಲಿ ಒಂದು ಮಿಲಿಮೀಟರ್ ಸಡಿಲು ಅಂಚಿನಲ್ಲಿ ನಾಲ್ಕು ಮಿಲಿಮೀಟರ್ ಆಗಿ ಕಾಣುತ್ತದೆ. ಕಣ್ಣಳತೆಗೇ ಸಿಗುತ್ತದೆ.

ಹಳೆಯವರು ವೈಟ್ ಮೆಟಲ್ ಕರಗಿಸಿ ಶಾಫ್ಟಿನ ಸುತ್ತ ಎರೆಯುತ್ತಿದ್ದರು. ಶಾಫ್ಟಿಗೆ ದೀಪದ ಕಾಡಿಗೆ ಹಿಡಿಸುವುದು, ಮಣ್ಣಿನಿಂದ ಬಾಯಿ ಕಟ್ಟುವುದು, ಒಂದೇ ಉಸಿರಿಗೆ ಸುರಿಯುವುದು. ಅಚ್ಚಿನಲ್ಲಿ ಒಂದು ಹನಿ ತೇವ ಇದ್ದರೂ ಕರಗಿದ ಲೋಹ ಮುಖಕ್ಕೆ ಸಿಡಿಯುತ್ತದೆ. ಕಲಿತವರ ಕೈಯಲ್ಲಿ ಚಂದದ ಕೆಲಸ. ನನ್ನ ಅಭಿಪ್ರಾಯ ಕೇಳಿದರೆ, ಗನ್ ಮೆಟಲ್ ಬುಶ್ ಲೇಥಿನಲ್ಲಿ ಕಡೆಸಿ ಹಾಕಿ. ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತುವಿನಲ್ಲಿ ಒಳ್ಳೆಯ ಲೇಥಿನವರಿಗೆ ಬರವಿಲ್ಲ. ಆದರೆ ಶಾಫ್ಟನ್ನೂ ಜೊತೆಗೆ ಒಯ್ಯಿರಿ. ಸವೆದ ಶಾಫ್ಟಿನ ಅಳತೆ ಬಾಯಲ್ಲಿ ಹೇಳಿ ಮಾಡಿಸಿದ ಬುಶ್ ಕೂರುವುದಿಲ್ಲ. ಒಂದೂವರೆ ಇಂಚಿನ ಶಾಫ್ಟಿಗೆ 0.05ರಿಂದ 0.10 ಮಿಲಿಮೀಟರ್ ಸಡಿಲು ಬಿಡಿಸಿ, ಎಣ್ಣೆ ಹರಿಯಲು ಒಳಗೆ ಗೆರೆ ಕೊರೆಸುವುದನ್ನು ಮರೆಯಬೇಡಿ.

ಹಲ್ಲುಗಳನ್ನು ನೋಡುವಾಗ ಒಂದು ತಮಾಷೆ ಕಾಣುತ್ತದೆ. ದೊಡ್ಡ ಗೇರಿನ ಅರ್ಧ ಹಲ್ಲುಗಳು ಸವೆದು, ಉಳಿದರ್ಧ ಹೊಸದರಂತೆ ಇರುತ್ತವೆ. ನೀರಿನ ಭಾರ ಬೀಳುವುದು ರಾಡು ಮೇಲೇಳುವಾಗ ಮಾತ್ರ, ಆಗ ಕಚ್ಚುವುದು ಪ್ರತಿ ಸಲ ಅದೇ ಅರ್ಧ. ಇದನ್ನು ನೋಡಿ ಗಾಬರಿಯಾಗಿ ಗೇರ್ ಎರಕ ಹೊಯ್ಯಿಸಲು ಓಡಬೇಡಿ. ಹಲ್ಲಿನ ತುದಿ ಚೂಪಾಗಿ ಕೊಕ್ಕೆಯಂತೆ ಆಗುವ ತನಕ ನಡೆಯುತ್ತದೆ.

ಬಾಲದ ಸ್ಪ್ರಿಂಗ್ ಮುಟ್ಟುವ ಮುಂಚೆ ಅದು ಯಾಕಿದೆ ಅಂತ ತಿಳಿದಿರಲಿ. ಚಕ್ರದ ಶಾಫ್ಟು ಟವರಿನ ನಡುವಿಗೆ ಸರಿಯಾಗಿ ಇಲ್ಲ, ಬೇಕಂತಲೇ ಕೆಲವು ಇಂಚು ಪಕ್ಕಕ್ಕಿದೆ. ಗಾಳಿ ಜೋರಾದರೆ ಚಕ್ರ ಬಾಲದ ಕಡೆ ಮಡಚಿಕೊಂಡು ಗಾಳಿಗೆ ಅಂಚು ಕೊಡುತ್ತದೆ. ಅದನ್ನು ತಡೆದು ಹಿಡಿಯುವುದೇ ಸ್ಪ್ರಿಂಗ್. "ನೀರು ಜಾಸ್ತಿ ಬರ್ಲಿ" ಅಂತ ಸ್ಪ್ರಿಂಗ್ ಬಿಗಿ ಮಾಡಿದ ಯಂತ್ರ, ಬಾಲವನ್ನು ತಂತಿಯಿಂದ ಕಟ್ಟಿದ ಯಂತ್ರ, ಎರಡೂ ಮೊದಲ ಮುಂಗಾರಿಗೆ ರೆಕ್ಕೆ ಉದುರಿಸುತ್ತವೆ. ಮಡಚಿದ ಚಕ್ರ ಮತ್ತೆ ತೆರೆಯದಿದ್ದರೆ ಬಾಲದ ಪಿನ್ ತುಕ್ಕು ಹಿಡಿದಿದೆ, ಇಲ್ಲವೇ ಸ್ಪ್ರಿಂಗ್ ತುಂಡಾಗಿದೆ. ತೆರೆದರೂ ಚಕ್ರ ಹಿಡಿದಂತೆ ತಿರುಗಿದರೆ ಬ್ರೇಕ್ ಪಟ್ಟಿ ಬಿಡುತ್ತಿಲ್ಲ.

ಚಕ್ರದ ತೂಕ ಸಮ ಇದೆಯಾ ಅಂತ ನೋಡುವುದು ಸುಲಭ. ರಾಡು ಬಿಚ್ಚಿದಾಗ, ಗಾಳಿ ಇಲ್ಲದಾಗ ತಿರುಗಿಸಿ ಬಿಡಿ. ಪ್ರತಿ ಸಲ ಒಂದೇ ರೆಕ್ಕೆ ಕೆಳಗೆ ಬಂದು ನಿಂತರೆ ಆ ಕಡೆ ಭಾರ. ನಡುವೆ ಯಾರೋ ದಪ್ಪ ತಗಡಿನ ರೆಕ್ಕೆ ಹಾಕಿರುತ್ತಾರೆ.

ಯಂತ್ರದಲ್ಲಿ ಇಲ್ಲದ ದೋಷ

ಎಲ್ಲ ಸರಿ ಮಾಡಿದ ಮೇಲೂ ಪಡುವಣ ಗಾಳಿಗೆ ಚಕ್ರ ಮೊದಲಿನ ಹಾಗೆ ತಿರುಗಲಿಲ್ಲ. ತಿರುಗಿ ನೋಡಿದರೆ ಬೇವಿನ ಮರ. ಅಜ್ಜ ಯಂತ್ರ ಹಾಕಿಸಿದಾಗ ಅದು ಸಸಿ. ಈಗ ಚಕ್ರದ ಎತ್ತರಕ್ಕೆ ಬಂದಿದೆ. ಸುತ್ತ ನಾನೂರು ಅಡಿಯೊಳಗೆ ಇರುವ ಮರ, ಮನೆಗಿಂತ ಚಕ್ರ ಹದಿನೈದು ಅಡಿಯಾದರೂ ಮೇಲಿರಬೇಕು ಅನ್ನುವುದು ಇಂಥ ಯಂತ್ರಗಳ ಹಳೆಯ ನಿಯಮ. ಗಾಳಿಯ ವೇಗ ಅರ್ಧ ಆದರೆ ಅದರ ಶಕ್ತಿ ಅರ್ಧ ಆಗುವುದಿಲ್ಲ, ಎಂಟರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮರ ತಡೆಯುವುದು ಸ್ವಲ್ಪವೇ ಅನಿಸಿದರೂ ಪಂಪಿಗೆ ಅದು ದೊಡ್ಡ ಪೆಟ್ಟು.

ಮಾವನಿಗೆ ಹೇಳಿದೆ. ಅತ್ತೆ ಒಳಗಿಂದಲೇ ಕೇಳಿಸಿಕೊಂಡು, "ಗಿಡಕ್ಕ ಕೈ ಹಚ್ಚಿದ್ರ ನೋಡ್ರಿ ಮತ್ತ" ಅಂದರು. ಎರಡು ಕೊಂಬೆಗೆ ಒಪ್ಪಿಸಿ ಸವರಿದೆವು.

ಮೂವತ್ತು ಸ್ಟ್ರೋಕಿಗೆ ಈಗ 18 ಲೀಟರ್ ಬರುತ್ತಿದೆ. ಬಾಲದ ಪಿನ್ ಮಾತ್ರ ಗಾಳಿ ತಿರುಗಿದಾಗಲೆಲ್ಲ ಕಿರುಗುಡುತ್ತದೆ. ಬೋಲ್ಟುಗಳನ್ನು ಇನ್ನೊಮ್ಮೆ ಬಿಗಿಯಲು ದೀಪಾವಳಿ ಆದ ಮೇಲೆ, ಗಾಳಿ ತಗ್ಗಿದಾಗ ಹತ್ತಬೇಕು. ಅದಕ್ಕೂ ಆಗಲೇ ಗ್ರೀಸ್ ಹಚ್ಚುತ್ತೇನೆ.